ಗುಲಬರ್ಗಾ ಎರಡು ಸಲ ಕಂಡ ತಕರಾರು

1947ರಲ್ಲಿ ಗುಲಬರ್ಗಾದಿಂದ ಸೊಲ್ಲಾಪುರಕ್ಕೆ ರೈಲು ಹತ್ತುವ ವ್ಯಾಪಾರಿಗೆ ಎರಡು ಬಗೆಯ ರೂಪಾಯಿ ಬೇಕಾಗುತ್ತಿತ್ತು. ಊರಲ್ಲಿ ನಡೆಯುವುದು ನಿಜಾಮರ ಹಾಲಿ ಸಿಕ್ಕಾ. ಗಡಿಯಾಚೆಯ ದುಧನಿ ಸ್ಟೇಷನ್ ಮುಟ್ಟಿದರೆ ಕೈಯಲ್ಲಿ ಕಲ್ದಾರ್, ಅಂದರೆ ಬ್ರಿಟಿಷ್ ಇಂಡಿಯಾದ ರೂಪಾಯಿ ಇರಬೇಕು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಜೊತೆಯಲ್ಲಿ ಸರಕು ಇದ್ದರೆ ಕರೋಡಗಿರಿ ಇಲಾಖೆಯವರ ಕಣ್ಣು ತಪ್ಪಿಸುವ ಹಾಗಿಲ್ಲ, ಸುಂಕ ಕಟ್ಟಿಯೇ ಮುಂದೆ ಹೋಗಬೇಕು. ಈಸ್ಟ್ ಇಂಡಿಯಾ ಕಂಪನಿಯ ಜೊತೆ 1802ರಲ್ಲಿ ಆದ ವ್ಯಾಪಾರ ಒಪ್ಪಂದ ನೂರಕ್ಕೆ ಐದರಂತೆ ಸುಂಕ ಗೊತ್ತುಮಾಡಿತ್ತು. ಒಂದೂವರೆ ಶತಮಾನದ ಹತ್ತಿರ ಹತ್ತಿರ ಆ ಪದ್ಧತಿಯೇ ಬೇರೂರಿ, ಸುಂಕದ ನಾಕಾ ಎನ್ನುವುದು ಹಳ್ಳ, ಗುಡ್ಡಗಳಂತೆ ಊರಿನ ಸುತ್ತಲಿನ ನೆಲದ ಭಾಗವೇ ಆಗಿಬಿಟ್ಟಿತ್ತು.

ಹೈದರಾಬಾದ್ ಸಂಸ್ಥಾನಕ್ಕೆ ಸ್ವಂತ ನಾಣ್ಯ, ಸ್ವಂತ ಅಂಚೆ, ಸ್ವಂತ ರೈಲ್ವೆ, ಸ್ವಂತ ಸೈನ್ಯ ಎಲ್ಲ ಇತ್ತು. ಸಮುದ್ರವೊಂದು ಇರಲಿಲ್ಲ. 82 ಸಾವಿರಕ್ಕೂ ಹೆಚ್ಚು ಚದರ ಮೈಲಿಯ ನೆಲ, 1941ರ ಗಣತಿಯಲ್ಲಿ ಒಂದು ಕೋಟಿ ಅರವತ್ತು ಲಕ್ಷ ದಾಟಿದ ಜನ, ಹದಿನಾರು ಜಿಲ್ಲೆ. ಅವುಗಳಲ್ಲಿ ಕನ್ನಡದ್ದು ಮೂರು: ಗುಲಬರ್ಗಾ, ರಾಯಚೂರು, ಬೀದರ್. ಹತ್ತಿ, ಶೇಂಗಾ, ತೊಗರಿ ಹೊರಗೆ ಹೋಗಬೇಕು. ಉಪ್ಪು, ಪೆಟ್ರೋಲು, ಯಂತ್ರ ಒಳಗೆ ಬರಬೇಕು. ಎರಡಕ್ಕೂ ದಾರಿ ಪಕ್ಕದವರ ನೆಲದ ಮೇಲೆಯೇ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲು ಹಳಿ ಗುಲಬರ್ಗಾವನ್ನು ಹೈದರಾಬಾದಿಗಿಂತ ಮೊದಲೇ ಮುಂಬಯಿಗೆ ಕಟ್ಟಿಹಾಕಿತ್ತು. ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಪೇಟೆಯ ನಂಟು ಪಶ್ಚಿಮಕ್ಕೆ, ಸರ್ಕಾರದ ನಂಟು ಪೂರ್ವಕ್ಕೆ. ಮುಂದಿನ ತಕರಾರುಗಳ ಬೀಜ ಈ ಎರಡು ಹಳಿಗಳ ನಡುವೆಯೇ ಬಿದ್ದಿತ್ತು ಎಂದು ನನಗನ್ನಿಸುತ್ತದೆ.

ಯುರೋಪಿನ ಒಕ್ಕೂಟ ಬಿಡಬೇಕೋ ಬೇಡವೋ ಎಂದು 2016ರಲ್ಲಿ ಬ್ರಿಟನ್ನಿನವರು ಮನೆಮನೆಯಲ್ಲಿ ಜಗಳವಾಡಿದಾಗ ಇಲ್ಲಿನ ಹಿರಿಯರಿಗೆ ಅದು ತೀರ ಹೊಸದಾಗಿ ಕಂಡಿರಲಿಕ್ಕಿಲ್ಲ. ನಮ್ಮ ಸುಂಕ ನಾವೇ ಹಾಕುತ್ತೇವೆ, ನಮ್ಮ ಕಾನೂನು ನಾವೇ ಮಾಡುತ್ತೇವೆ, ಹೊರಗಿನವರು ಬಂದು ನಮ್ಮ ನೌಕರಿ ಹಿಡಿಯುವುದು ಬೇಡ ಎಂಬುದು ಅಲ್ಲಿ ಒಂದು ಪಕ್ಷ. ಪೇಟೆ ಮುರಿದುಕೊಂಡು ಬದುಕುವುದು ಹೇಗೆ ಎಂಬುದು ಇನ್ನೊಂದು. ಜೂನ್ 23ರ ಮತದಾನದಲ್ಲಿ ಬಿಡೋಣ ಎಂದವರು ಶೇ. 51.9, ಇರೋಣ ಎಂದವರು ಶೇ. 48.1. 2020ರ ಜನವರಿ 31ರಂದು ಹೊರಬಿದ್ದ ಮೇಲೂ ವರ್ಷದ ಕೊನೆಯವರೆಗೆ ಹಳೆಯ ವ್ಯವಸ್ಥೆಯೇ ಮುಂದುವರಿಯಲಿ ಎಂದು ಗಡುವು ಹಾಕಿಕೊಂಡರು. ನಿಜಾಮರ ಸರ್ಕಾರವೂ ಇಂಥದ್ದೇ ಒಂದು ವರ್ಷದ ಗಡುವು ಕೇಳಿತ್ತು. ಅದನ್ನು ಕೊಟ್ಟವರೂ ಪಡೆದವರೂ ನಂಬಿರಲಿಲ್ಲ.

1947ರ ಜೂನ್‌ನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನು ಹೊರಬಿತ್ತು. ಭಾರತದ ಸಂವಿಧಾನ ಸಭೆಗೂ ಪಾಕಿಸ್ತಾನದ ಸಭೆಗೂ ಪ್ರತಿನಿಧಿಗಳನ್ನು ಕಳಿಸುವುದಿಲ್ಲ, ಬ್ರಿಟಿಷರು ಹೋದ ದಿನವೇ ತಾವು ಸ್ವತಂತ್ರರು ಎಂಬುದು ಅದರ ಸಾರ. ದಿಲ್ಲಿಯ ಜೊತೆ ಮಾತುಕತೆಗೆ ನಿಜಾಮರು ನೆಚ್ಚಿಕೊಂಡಿದ್ದು ಸರ್ ವಾಲ್ಟರ್ ಮಾಂಕ್ಟನ್ ಎಂಬ ಇಂಗ್ಲಿಷ್ ವಕೀಲರನ್ನು. ಬಂದರಿಲ್ಲದ ಕೊರತೆ ನೀಗಲು ಗೋವಾದ ಪೋರ್ಚುಗೀಸರ ಜೊತೆಯೂ ಮಾತು ನಡೆದಿತ್ತು. ಒಪ್ಪಂದದ ಕರಡು ಸಿದ್ಧವಾಗಿ ನಿಯೋಗ ದಿಲ್ಲಿಗೆ ಹೊರಡಬೇಕು ಎನ್ನುವಷ್ಟರಲ್ಲಿ, ಅಕ್ಟೋಬರ್ 27ರ ಬೆಳಗಿನ ಜಾವ, ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಜನ ನಿಯೋಗದ ಸದಸ್ಯರ ಮನೆಗಳನ್ನು ಸುತ್ತುಗಟ್ಟಿದರು. ಪ್ರಧಾನಿ ಛತ್ತಾರಿ ನವಾಬರು ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಮೀರ್ ಲಾಯಕ್ ಅಲಿ ಬಂದರು. ಇತ್ತೆಹಾದಿನ ನಾಯಕ ಕಾಸಿಂ ರಜ್ವಿ ಲಾತೂರಿನ ವಕೀಲ. ಅವರ ಸ್ವಯಂಸೇವಕ ಪಡೆಯಾದ ರಜಾಕಾರರೇ ಆಮೇಲೆ ಊರೂರಿನ ಅಂಜಿಕೆಯಾದವರು.

ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ರುಜು ಬಿತ್ತು. ಬ್ರಿಟಿಷರ ಕಾಲದಲ್ಲಿ ಇದ್ದದ್ದೆಲ್ಲ ಒಂದು ವರ್ಷ ಹಾಗೆಯೇ ಇರತಕ್ಕದ್ದು. ಕೆ.ಎಂ. ಮುನ್ಶಿ ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿ ಹೈದರಾಬಾದಿಗೆ ಬಂದರು. ಒಪ್ಪಂದದ ಮಸಿ ಆರುವ ಮೊದಲೇ ನಿಜಾಮರ ಸರ್ಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು: ಸಂಸ್ಥಾನದಲ್ಲಿ ಇನ್ನು ಭಾರತದ ರೂಪಾಯಿ ಚಲಾವಣೆಯಾಗುವುದಿಲ್ಲ, ಬಂಗಾರ ಬೆಳ್ಳಿ ಹೊರಗೆ ಹೋಗುವ ಹಾಗಿಲ್ಲ. ಪಾಕಿಸ್ತಾನಕ್ಕೆ ಇಪ್ಪತ್ತು ಕೋಟಿ ರೂಪಾಯಿ ಸಾಲ ಕೊಟ್ಟ ಸುದ್ದಿಯೂ ಬಂತು. ದಿಲ್ಲಿಯ ಉತ್ತರ ಬೇರೆ ಥರದ್ದು. ಕಾಗದದ ಮೇಲೆ ದಿಗ್ಬಂಧನ ಎಂದು ಎಲ್ಲೂ ಬರೆಯದೆ, ಸರಕು ನಿಧಾನವಾಯಿತು. ಉಪ್ಪು, ಪೆಟ್ರೋಲು, ಔಷಧ ಕಡಿಮೆಯಾದವು. ಅರಮನೆಯಲ್ಲಿ ಸಾರ್ವಭೌಮತ್ವದ ಮಾತು ನಡೆಯುತ್ತಿದ್ದಾಗ ಗುಲಬರ್ಗಾದ ಪೇಟೆಯಲ್ಲಿ ನಡೆಯುತ್ತಿದ್ದದ್ದು ಉಪ್ಪಿನ ಮಾತು.

ಆ ವರ್ಷ ಗಡಿ ಎನ್ನುವುದು ಸುಂಕದ ಗೆರೆಯಾಗಿ ಉಳಿಯಲಿಲ್ಲ. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಹೋರಾಡುತ್ತಿದ್ದ ಸ್ಟೇಟ್ ಕಾಂಗ್ರೆಸ್ಸಿನವರು ಗಡಿಯಾಚೆ ಶಿಬಿರ ಹೂಡಿದರು. ಮುಂಡರಗಿಯ ಶಿಬಿರವನ್ನು ಅಳವಂಡಿ ಶಿವಮೂರ್ತಿಸ್ವಾಮಿ ನಡೆಸಿದರು. ಶಿಬಿರದ ತರುಣರು ಒಳನುಗ್ಗಿ ಕರೋಡಗಿರಿ ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ಬೀಳುತ್ತಿದ್ದರು. ಸರ್ಕಾರದ ಮುಖ ಹಳ್ಳಿಗನಿಗೆ ಕಾಣುತ್ತಿದ್ದದ್ದೇ ನಾಕಾದಲ್ಲಿ, ಆದ್ದರಿಂದ ಮೊದಲ ಪೆಟ್ಟೂ ಅದಕ್ಕೇ. ಈಚೆ ಕಡೆ ರಜಾಕಾರರ ಹಾವಳಿ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ದೊಡ್ಡ ಹತ್ಯಾಕಾಂಡವಾಯಿತು. ಅದೇ ತಿಂಗಳ 22ರಂದು, ದತ್ತಾತ್ರೇಯನ ಭಕ್ತರು ಇಳಿಯುವ ಗಾಣಗಾಪುರ ಸ್ಟೇಷನ್ನಿನಲ್ಲಿ ಮುಂಬಯಿ ಮೇಲ್ ಮೇಲೆ ದಾಳಿಯಾಯಿತು. ಮದರಾಸು ಮುಂಬಯಿಗಳ ಪ್ರಯಾಣಿಕರಿದ್ದ ಗಾಡಿ ಅದು. ಅಲ್ಲಿಯವರೆಗೆ ನಿಜಾಮರ ಒಳಮನೆಯ ವ್ಯವಹಾರ ಎನ್ನಬಹುದಾಗಿದ್ದದ್ದು ಅಂದಿನಿಂದ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಇದನ್ನೆಲ್ಲ ಹಿಂದೂ ಒಂದು ಕಡೆ, ಮುಸ್ಲಿಂ ಇನ್ನೊಂದು ಕಡೆ ಎಂದು ಬರೆದು ಮುಗಿಸುವುದು ಸುಲಭ. ಹಾಗೆ ಬರೆದ ಪುಸ್ತಕಗಳೂ ಬೇಕಾದಷ್ಟಿವೆ. ಆದರೆ 1948ರ ಆಗಸ್ಟ್‌ನಲ್ಲಿ ಏಳು ಮಂದಿ ಮುಸ್ಲಿಂ ಗಣ್ಯರು, ಬಾಕರ್ ಅಲಿ ಮಿರ್ಜಾ ಅವರಂಥವರು, ರಜಾಕಾರರನ್ನು ವಿಸರ್ಜಿಸಿ ಭಾರತವನ್ನು ಸೇರಿ ಎಂದು ಬಹಿರಂಗ ಹೇಳಿಕೆ ಕೊಟ್ಟರು. ಇಮ್ರೋಜ್ ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ಅದೇ ಮಾತನ್ನು ಬರೆದು, ಅದೇ ತಿಂಗಳು ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಕೊಲೆಯಾದರು. ಇನ್ನೊಂದು ಮಗ್ಗುಲಲ್ಲಿ, ದಲಿತ ನಾಯಕ ಬಿ. ಶ್ಯಾಮಸುಂದರ್ ನಿಜಾಮರ ನಿಯೋಗದಲ್ಲಿ ಪ್ಯಾರಿಸ್ಸಿಗೆ ಹೋಗಿ ವಿಶ್ವಸಂಸ್ಥೆಯ ಮುಂದೆ ಹೈದರಾಬಾದಿನ ಪರ ನಿಂತರು. ಭಾರತಕ್ಕೆ ಸೇರಿದರೆ ತಮ್ಮ ಜನ ಮೇಲ್ಜಾತಿಯವರ ಕೈಗೇ ಸಿಗುತ್ತಾರೆ ಎಂಬುದು ಅವರ ವಾದದ ಬೇರು. ಇಪ್ಪತ್ತು ವರ್ಷಗಳ ನಂತರ, 1968ರಲ್ಲಿ, ಅವರು ಭೀಮಸೇನೆ ಕಟ್ಟಿದ್ದು ಇದೇ ಗುಲಬರ್ಗಾದಲ್ಲಿ. ವಿಮೋಚನೆಯ ಭಾಷಣಗಳಲ್ಲಿ ಈ ಹೆಸರು ಬರುವುದು ಕಡಿಮೆ.

ರೋಜಾದ ಮಾತು ಇಲ್ಲಿ ಹೇಳಬೇಕು. ದಿಲ್ಲಿಯಿಂದ ಬಂದ ಖ್ವಾಜಾ ಬಂದೇ ನವಾಜರು 1422ರಲ್ಲಿ ತೀರಿಕೊಂಡ ಮೇಲೆ ಅವರ ಗೋರಿಯ ಸುತ್ತ ಬೆಳೆದ ಬಡಾವಣೆ ಇದು. ಬಹಮನಿಗಳ ರಾಜಧಾನಿ ಬೀದರಿಗೆ ಹೋದ ಮೇಲೂ ದರ್ಗಾದಿಂದಾಗಿ ಊರಿಗೆ ಜನ ಬರುವುದು ನಿಲ್ಲಲಿಲ್ಲ. ಉರುಸಿನಲ್ಲಿ ಮೆಹಬೂಬ್ ಗುಲ್ಶನ್ ತೋಟದಿಂದ ಹೊರಡುವ ಗಂಧದ ಮೆರವಣಿಗೆಗೆ ಎಲ್ಲ ಜಾತಿಯವರೂ ಸೇರುತ್ತಾರೆ, ಶರಣಬಸವೇಶ್ವರರ ತೇರಿಗೆ ಸೇರುವ ಹಾಗೆಯೇ. ಆದರೆ ಆಡಳಿತದ ಲೆಕ್ಕದಲ್ಲಿ ರೋಜಾದ ನಂಟು ಹೈದರಾಬಾದಿನದು: ಉರ್ದುವಿನಲ್ಲಿ ನಡೆಯುವ ಕಚೇರಿ, ಉರ್ದುವಿನಲ್ಲಿ ಕಲಿಸುವ ಉಸ್ಮಾನಿಯಾ ವಿಶ್ವವಿದ್ಯಾಲಯ, ಜಾಗೀರು, ಇನಾಮು, ಬೀಗತನ. ಇಡೀ ಸಂಸ್ಥಾನದಲ್ಲಿ ಮುಸ್ಲಿಮರು ಎಂಟರಲ್ಲಿ ಒಬ್ಬರಿದ್ದರೂ ಸರ್ಕಾರಿ ನೌಕರಿಯಲ್ಲಿ ಅವರ ಪಾಲು ಅದಕ್ಕಿಂತ ಬಹಳ ದೊಡ್ಡದು. ಪೇಟೆಗೆ ಸುಂಕದ ಗೋಡೆ ಬಿದ್ದರೆ ಲಾಭ. ನೌಕರಿಯನ್ನೇ ನಂಬಿದ ಮನೆಗೆ ಆ ಗೋಡೆಯೇ ಆಸರೆ. ಎರಡೂ ಒಂದೇ ಊರಿನಲ್ಲಿ, ಅರ್ಧ ತಾಸಿನ ನಡಿಗೆಯಲ್ಲಿ.

ಜನರನ್ನೇ ಕೇಳೋಣ ಎಂಬ ಸಲಹೆ ಬರಲಿಲ್ಲವೇ? ಬಂದಿತ್ತು. 1948ರ ಜೂನ್‌ನಲ್ಲಿ, ಮೌಂಟ್‌ಬ್ಯಾಟನ್ ದೇಶ ಬಿಡುವ ಕೆಲವೇ ದಿನ ಮೊದಲು, ಮಾಂಕ್ಟನ್ ಓಡಾಡಿ ಸಿದ್ಧಪಡಿಸಿದ ಕರಡಿನಲ್ಲಿ ಸೇರ್ಪಡೆಯ ಪ್ರಶ್ನೆಯನ್ನು ಜನಮತಕ್ಕೆ ಬಿಡುವ ಮಾತಿತ್ತು. ದಿಲ್ಲಿ ಮನಸ್ಸಿಲ್ಲದೆ ಒಪ್ಪಿತು. ನಿಜಾಮರ ಕಡೆಯವರು ಸಣ್ಣಪುಟ್ಟ ತಿದ್ದುಪಡಿ ಕೇಳುತ್ತ ಕೇಳುತ್ತ ಕಡೆಗೆ ಬೇಡವೆಂದರು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಚರ್ಚಿಲ್ ಹೈದರಾಬಾದಿನ ಪರ ಗುಡುಗಿದ್ದು ಇದಾದ ಮೇಲೆ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. 17ಕ್ಕೆ ನಿಜಾಮರು ಕದನ ನಿಲ್ಲಿಸಿದರು. ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿ ದೂರು ಕೈಗೆತ್ತಿಕೊಂಡದ್ದು 16ರಂದು. ಹೈದರಾಬಾದಿನ ನಿಯೋಗ ವಾದ ಮಂಡಿಸುವ ಹೊತ್ತಿಗೆ ಮಂಡಿಸಬೇಕಾದ ರಾಜ್ಯವೇ ಮುಗಿಯುತ್ತಿತ್ತು.

ಪೊಲೀಸ್ ಆ್ಯಕ್ಷನ್ ಎಂದು ಹಿರಿಯರು ಇಂದಿಗೂ ಕರೆಯುವ ಆ ಐದು ದಿನಗಳ ನಂತರದ ವಾರಗಳು ಇನ್ನೂ ಕಠಿಣ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ ಸಂಸ್ಥಾನ ಸುತ್ತಿ ಬರೆದ ವರದಿಯಲ್ಲಿ, ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರ ಎಂಬ ಅಂದಾಜಿದೆ. ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಗುಲಬರ್ಗಾ, ಬೀದರ್ ಎರಡೂ ಇವೆ. ಉಳಿದವು ಉಸ್ಮಾನಾಬಾದ್, ನಾಂದೇಡ್. ಆ ವರದಿ ದಶಕಗಳ ಕಾಲ ಕಡತದಲ್ಲೇ ಕೂತಿತ್ತು. ಗೋರಟಾದ ನೆನಪು ಒಂದು ಓಣಿಯಲ್ಲಿ, ಈ ನೆನಪು ಇನ್ನೊಂದು ಓಣಿಯಲ್ಲಿ ಬೆಳೆದವು; ಒಂದಕ್ಕೆ ಸ್ಮಾರಕ ಸಿಕ್ಕಿತು.

ಸುಂಕದ ಕತೆ ಮಾತ್ರ ಸೈನ್ಯ ಬಂದೊಡನೆ ಮುಗಿಯಲಿಲ್ಲ. 1950ರ ಏಪ್ರಿಲ್ 1ರಂದು ಆರ್ಥಿಕ ಏಕೀಕರಣವಾದರೂ, ಹೊಸ ಸಂವಿಧಾನದ 306ನೇ ವಿಧಿ ಇಂಥ ರಾಜ್ಯಗಳಿಗೆ ತಮ್ಮ ಹಳೆಯ ಸುಂಕವನ್ನು ಒಪ್ಪಂದದ ಮೇಲೆ ಕೆಲ ಕಾಲ ಮುಂದುವರಿಸಲು ಬಿಟ್ಟಿತ್ತು. ವರಮಾನ ಒಮ್ಮೆಗೇ ನಿಂತರೆ ಖಜಾನೆ ಬರಿದಾಗುತ್ತದೆ ಎಂಬ ಅಂಜಿಕೆ. ಹಾಲಿ ಸಿಕ್ಕಾ ಕೂಡ ಒಂದೇ ದಿನ ಸಾಯಲಿಲ್ಲ; ಕಲ್ದಾರಿನ ಪಕ್ಕದಲ್ಲಿ ಕೆಲವು ವರ್ಷ ಉಸಿರಾಡಿತು. ಬೇರ್ಪಡುವುದಿರಲಿ ಕೂಡುವುದಿರಲಿ, ಲೆಕ್ಕ ಚುಕ್ತಾ ಆಗುವುದು ಯಾವಾಗಲೂ ಭಾಷಣಕ್ಕಿಂತ ತಡ. ಬ್ರಿಟನ್ನಿನವರು ಉತ್ತರ ಐರ್ಲೆಂಡಿನ ಗಡಿಯಲ್ಲಿ ಸರಕು ಎಲ್ಲಿ ತಪಾಸಣೆಯಾಗಬೇಕು ಎಂದು ಹೊರಬಿದ್ದ ಮೇಲೂ ವರ್ಷಗಟ್ಟಲೆ ಕಾದಾಡಿದ್ದು ಇದಕ್ಕೇ.

ಎರಡನೆಯ ತಕರಾರು ಪೊಲೀಸ್ ಆ್ಯಕ್ಷನ್ ಆದ ಐದು ವರ್ಷಕ್ಕೆ ಎದ್ದಿತು. ಈಗ ಪ್ರಶ್ನೆ ಹೈದರಾಬಾದ್ ಭಾರತದಲ್ಲಿ ಇರಬೇಕೇ ಎಂಬುದಲ್ಲ, ಗುಲಬರ್ಗಾ ಹೈದರಾಬಾದಿನಲ್ಲಿ ಇರಬೇಕೇ ಎಂಬುದು. ಸ್ವತಃ ನೆಹರೂ ಆ ರಾಜ್ಯವನ್ನು ಒಡೆಯಲು ಮನಸ್ಸಿಲ್ಲದವರು. ನಾಲ್ಕು ಭಾಷೆಗಳು ಕೂಡಿ ಬಾಳಿದ ನೆಲ ಅದು, ಉತ್ತರಕ್ಕೂ ದಕ್ಷಿಣಕ್ಕೂ ಸೇತುವೆ ಎಂಬುದು ಅವರ ನಿಲುವು. ಒಡೆಯಲೇಬೇಕು ಎಂದವರ ಮುಂದಾಳು ಸ್ವಾಮಿ ರಮಾನಂದ ತೀರ್ಥರು. ಸಿಂದಗಿಯಲ್ಲಿ ಹುಟ್ಟಿದವರು, ಸ್ಟೇಟ್ ಕಾಂಗ್ರೆಸ್ಸನ್ನು ಕಟ್ಟಿದವರು, 1952ರಲ್ಲಿ ಗುಲಬರ್ಗಾದಿಂದಲೇ ಲೋಕಸಭೆಗೆ ಗೆದ್ದವರು. ಅಂದರೆ ನಿಜಾಮರ ವಿರುದ್ಧ ಒಟ್ಟಿಗೆ ಹೋರಾಡಿದ ಪಕ್ಷವೇ ಈಗ ಎರಡಾಯಿತು. ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷ ಯುರೋಪಿನ ವಿಷಯದಲ್ಲಿ ತನ್ನೊಳಗೇ ಸೀಳಿಕೊಂಡದ್ದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಕನ್ನಡದ ಪರ ವಾದಕ್ಕೆ ಆಗಲೇ ಹಳೆಯ ಬೇರಿತ್ತು. 1907ರಲ್ಲಿ ಶುರುವಾದ ನೂತನ ವಿದ್ಯಾಲಯ, 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಗುಲಬರ್ಗಾದಲ್ಲೇ ನಡೆದ ಸಾಹಿತ್ಯ ಸಮ್ಮೇಳನ, 1949ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯ ಮತ್ತೊಂದು ಸಮ್ಮೇಳನ. ತಹಶೀಲಿನಲ್ಲಿ ಉರ್ದು, ಕೋರ್ಟಿನಲ್ಲಿ ಉರ್ದು, ತನ್ನ ಹೊಲದ ಕಾಗದವನ್ನು ತಾನೇ ಓದಲಾರದ ರೈತ: ಇದಕ್ಕಿಂತ ದೊಡ್ಡ ಪ್ರಚಾರ ಏಕೀಕರಣಕ್ಕೆ ಬೇಕಿರಲಿಲ್ಲ. ಎದುರು ವಾದವೂ ಹಗುರವಾದದ್ದಲ್ಲ. ಹೈದರಾಬಾದು 230 ಕಿಲೋಮೀಟರಿನ ಆಸುಪಾಸು, ಬೆಂಗಳೂರು ಅದರ ಎರಡೂವರೆ ಪಟ್ಟು. ಗುಂತಕಲ್ಲಿನಲ್ಲಿ ದೊಡ್ಡ ಗಾಡಿ ಇಳಿದು ಮೀಟರ್ ಗೇಜಿನ ಗಾಡಿ ಹತ್ತದೆ ಬೆಂಗಳೂರು ಸೇರುವಂತಿರಲಿಲ್ಲ. ಕಮಲಾಪುರದ ಮೇಲಿನಿಂದ ಹುಮನಾಬಾದಿಗೆ ಹೋಗುವ ರಸ್ತೆಯಂತೂ ಹೈದರಾಬಾದಿನ ದಾರಿಯೇ. ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲಕ್ಕೂ ಅತ್ತ ಹೋಗಿ ರೂಢಿಯಾದ ಜನಕ್ಕೆ ಕಾಣದ ರಾಜಧಾನಿಯೊಂದನ್ನು ಒಪ್ಪಿಕೊಳ್ಳಿ ಎನ್ನುವುದಾಗಿತ್ತು.

ಆ ಕಾಣದ ರಾಜಧಾನಿಯವರಿಗೂ ಇವರು ಬೇಕಿದ್ದರೇ? ಹಳೆಯ ಮೈಸೂರಿನ ಬಹಳ ಮಂದಿ ಶಾಸಕರಿಗೆ ಬೇಕಿರಲಿಲ್ಲ. ಹಿಂದುಳಿದ ಜಿಲ್ಲೆಗಳ ಖರ್ಚು ತಮ್ಮ ತಲೆಗೆ ಬರುತ್ತದೆ ಎಂದು ಬಹಿರಂಗವಾಗಿಯೂ, ಲಿಂಗಾಯತರ ಸಂಖ್ಯೆ ಹೆಚ್ಚಿ ಒಕ್ಕಲಿಗರ ಹಿಡಿತ ಸಡಿಲವಾಗುತ್ತದೆ ಎಂದು ಒಳಗೊಳಗೂ ತಕರಾರು. ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ತಮ್ಮದೇ ಜನರ ವಿರೋಧ ಕಟ್ಟಿಕೊಂಡು ಏಕೀಕರಣದ ಪರ ನಿಂತರು. ಶ್ರೀಮಂತ ಜಿಲ್ಲೆಗಳು ಬಡ ಜಿಲ್ಲೆಗಳ ಲೆಕ್ಕ ಹಾಕುವುದು ಯುರೋಪಿಗೆ ಮಾತ್ರ ಸೀಮಿತವಾದ ಗುಣವಲ್ಲ.

ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ ಕೊನೆಗೆ ವರದಿ ಕೊಟ್ಟಿತು. ಗುಲಬರ್ಗಾ, ರಾಯಚೂರು ಕರ್ನಾಟಕಕ್ಕೆ. ಬೀದರ್ ಮಾತ್ರ ತೆಲಂಗಾಣದ ಜಿಲ್ಲೆಗಳ ಜೊತೆ ಉಳಿದ ಹೈದರಾಬಾದಿನಲ್ಲೇ ಇರಲಿ ಎಂಬುದು ಆಯೋಗದ ಮಾತು. ಅದು ನಡೆಯಲಿಲ್ಲ, ಬೀದರನ್ನೂ ಮೂರು ಪಾಲು ಮಾಡಿದರು. ಅದೇ ಶರತ್ಕಾಲದಲ್ಲಿ, ಬ್ರಸೆಲ್ಸಿನಲ್ಲಿ ಆರು ದೇಶಗಳು ಸುಂಕದ ಒಕ್ಕೂಟ ಕಟ್ಟಲು ಕೂತಿದ್ದಾಗ, ಬ್ರಿಟನ್ನಿನ ಪ್ರತಿನಿಧಿ ನವೆಂಬರಿನಲ್ಲಿ ಎದ್ದು ಹೋದ. ಹಾಗೆ ಎದ್ದು ಹೋದ ಸರ್ಕಾರದ ಸಂಪುಟದಲ್ಲಿ ಕಾರ್ಮಿಕ ಮಂತ್ರಿಯಾಗಿದ್ದವರು ನಮ್ಮ ಹಳೆಯ ಪರಿಚಯದ ವಾಲ್ಟರ್ ಮಾಂಕ್ಟನ್. ಹೈದರಾಬಾದನ್ನು ಒಕ್ಕೂಟದ ಹೊರಗಿಡಲು ಹೆಣಗಿದವರು ತಮ್ಮ ದೇಶವೂ ಒಂದು ಒಕ್ಕೂಟದ ಹೊರಗೆ ಉಳಿದದ್ದನ್ನು ಹತ್ತಿರದಿಂದ ಕಂಡರು. ಬ್ರಿಟನ್ ಒಳಗೆ ಬಂದದ್ದು 1973ರಲ್ಲಿ. ಎರಡೇ ವರ್ಷಕ್ಕೆ, 1975ರಲ್ಲಿ, ಇರೋಣವೇ ಎಂದು ಜನರನ್ನು ಕೇಳಿದರು. ಮೂರರಲ್ಲಿ ಎರಡು ಪಾಲು ಇರೋಣ ಎಂದಿತು. ಅಲ್ಲಿ ಎರಡು ಸಲ ಕೇಳಿದರು. ಗುಲಬರ್ಗಾವನ್ನು ಎರಡು ಸಲವೂ ಯಾರೂ ಕೇಳಲಿಲ್ಲ.

1956ರ ನವೆಂಬರ್ 1ರಂದು ಗುಲಬರ್ಗಾ ಮೈಸೂರು ರಾಜ್ಯದ ಜಿಲ್ಲೆಯಾಯಿತು. ಕೊಡಂಗಲ್, ತಾಂಡೂರು ತಾಲ್ಲೂಕುಗಳು ಕಡಿದು ಆಂಧ್ರಪ್ರದೇಶಕ್ಕೆ ಹೋದವು. ರಾಯಚೂರಿನಿಂದ ಗದ್ವಾಲ, ಆಲಂಪುರ ಹೋದವು. ಬೀದರಿನ ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯದ ಪಾಲಾದವು. ಸೊಲ್ಲಾಪುರ, ಅಕ್ಕಲಕೋಟೆ ಕನ್ನಡಿಗರ ಆಸೆಯಾಗಿಯೇ ಉಳಿದವು.

ಕಚೇರಿಗಳಲ್ಲಿ ಉರ್ದು ಹೋಗಿ ಕನ್ನಡ, ಇಂಗ್ಲಿಷ್ ಬಂದವು. ರೋಜಾದಲ್ಲಿ ಉರ್ದು ಕಲಿತು ನೌಕರಿ ನೆಚ್ಚಿದ್ದ ಮನೆಗೆ ಪೆಟ್ಟು ಬಿದ್ದದ್ದು ಸಹಜ. ಆಶ್ಚರ್ಯವೆಂದರೆ ಶಹಾಬಜಾರದ, ಬ್ರಹ್ಮಪುರದ ಕನ್ನಡಿಗರಿಗೂ ನೆಮ್ಮದಿಯಾಗಲಿಲ್ಲ. ಹುದ್ದೆಗಳಿಗೆ ದಕ್ಷಿಣದಿಂದ, ಧಾರವಾಡದ ಕಡೆಯಿಂದ ಜನ ಬಂದರು. ಇಲ್ಲಿ ಓದಿದವರೇ ಕಡಿಮೆ ಇದ್ದರು, ಅದು ನಿಜ. ಆ ಕೊರತೆಗೆ ಊರು ಕೊಟ್ಟ ಉತ್ತರ ಕುತೂಹಲದ್ದು. 1958ರಲ್ಲಿ ಒಂದೇ ವರ್ಷ ಎರಡು ಸಂಸ್ಥೆಗಳು ಹುಟ್ಟಿದವು: ಮಹಾದೇವಪ್ಪ ರಾಂಪುರೆಯವರು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, ಬಂದೇ ನವಾಜ್ ದರ್ಗಾದ ಸಜ್ಜಾದೆಯವರು ಕಟ್ಟಿದ ಖ್ವಾಜಾ ಶಿಕ್ಷಣ ಸಂಸ್ಥೆ. ಹತ್ತು ವರ್ಷ ಎದುರುಬದುರಾಗಿದ್ದ ಎರಡು ಮಗ್ಗುಲಿನವರೂ ಕಂಡುಕೊಂಡ ಮದ್ದು ಒಂದೇ.

1919ರಲ್ಲಿ ನಿಜಾಮರು ಮಾಡಿದ ಮುಲ್ಕಿ ನಿಯಮ ಸಂಸ್ಥಾನದವರಿಗೇ ನೌಕರಿ ಎಂದಿತ್ತು. 1952ರಲ್ಲಿ ಹೈದರಾಬಾದಿನ ವಿದ್ಯಾರ್ಥಿಗಳು ಅದಕ್ಕಾಗಿ ಗುಂಡಿಗೆ ಎದೆ ಕೊಟ್ಟಿದ್ದರು. ಹೊಸ ರಾಜ್ಯಗಳಲ್ಲಿ ಆ ಆಸರೆ ಕಳಚಿತು, ಬೇಡಿಕೆ ಕಳಚಲಿಲ್ಲ. ಇಲ್ಲಿನ ನಾಯಕ ವೈಜನಾಥ ಪಾಟೀಲರು ದಶಕಗಳ ಕಾಲ ಈ ಭಾಗದ ವಿಶೇಷ ಸ್ಥಾನಮಾನಕ್ಕಾಗಿ ಹೋರಾಡಿದರು. ಸಿಗದಿದ್ದರೆ ಪ್ರತ್ಯೇಕ ರಾಜ್ಯ ಎಂದೂ ಹೇಳಿದರು. ಅಡ್ವಾಣಿ ಗೃಹಮಂತ್ರಿಯಾಗಿದ್ದಾಗ ಕೇಂದ್ರ ಆಗದೆಂದಿತು. ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಅವರಂಥವರು ದಿಲ್ಲಿಯಲ್ಲಿ ಬೆನ್ನು ಹತ್ತಿದ ಮೇಲೆ 2012ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿ ಒಪ್ಪಿತು. ಹೀಗೆ ಬಂದದ್ದು 371-ಜೆ ವಿಧಿ. ಈ ಭಾಗದ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು, ರಾಜ್ಯದ ಉಳಿದೆಡೆ 8. ನಿಜಾಮರ ನೆಲವೇ ಅಲ್ಲದ ಬಳ್ಳಾರಿಯೂ ಅದರಲ್ಲಿ ಸೇರಿಕೊಂಡಿತು ಎನ್ನುವುದು ಬೇರೆ ಮಾತು. ಹೈದರಾಬಾದ್ ಕರ್ನಾಟಕ ಎಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು, ಗುಲಬರ್ಗಾ ಅದಕ್ಕೂ ಮೊದಲೇ ಕಲಬುರಗಿ ಆಗಿತ್ತು.

ಹಳೆಯ ಹೈದರಾಬಾದಿನ ಮೂರು ತುಂಡುಗಳೂ ಮೂರು ರಾಜ್ಯಗಳಲ್ಲಿ ಬೇರೆ ಬೇರೆಯಾಗಿ ಜಗಳವಾಡಿ ಸಂವಿಧಾನದ ಒಂದೇ ಪುಟಕ್ಕೆ ಬಂದು ನಿಂತಿವೆ. ಮರಾಠವಾಡಾದ ಹೆಸರು 371ನೇ ವಿಧಿಯ ಎರಡನೇ ಖಂಡದಲ್ಲಿ. ತೆಲಂಗಾಣದ್ದು 1973ರಲ್ಲಿ ಸೇರಿದ 371-ಡಿ. ಸೇಡಮ್ಮಿನ ಹುಡುಗ ಸೀಟಿಗಾಗಿ ತಹಶೀಲಿನಲ್ಲಿ ತೆಗೆಸುವ ಸ್ಥಳೀಯ ಪ್ರಮಾಣಪತ್ರ 371-ಜೆ ಲೆಕ್ಕದ್ದು. ಕೆಲವೇ ಮೈಲಿ ಆಚೆ, 1956ರವರೆಗೆ ಇದೇ ಜಿಲ್ಲೆಯದಾಗಿದ್ದ, ಈಗ ತೆಲಂಗಾಣದ ಮುಖ್ಯಮಂತ್ರಿ ರೇವಂತ ರೆಡ್ಡಿಯವರ ಕ್ಷೇತ್ರವಾದ ಕೊಡಂಗಲ್ಲಿನ ಹುಡುಗ ಸ್ಥಳೀಯನಾಗುವುದು 371-ಡಿ ಲೆಕ್ಕದಲ್ಲಿ.